ನಿತ್ಯದ ಕಾಫಿಗೊಂದು ಹದ

"ಚಿಕೋರಿ ಎಷ್ಟು ಹಾಕ್ಲಿ ಮೇಷ್ಟ್ರೇ?"

ಕೊಳ್ಳೇಗಾಲದ ಕಾಫಿಪುಡಿ ಅಂಗಡಿಯಲ್ಲಿ ಈ ಪ್ರಶ್ನೆಗೆ ವರ್ಷಗಟ್ಟಲೆ ನನ್ನದು ಒಂದೇ ಉತ್ತರ: "ಯಾವಾಗಲೂ ಹಾಕೋ ಅಷ್ಟೇ." ಅವರು ಹಾಕುತ್ತಿದ್ದರು, ನಾನು ಪೊಟ್ಟಣ ಕಟ್ಟಿಸಿಕೊಂಡು ಹನೂರಿನ ಬಸ್ಸು ಹತ್ತುತ್ತಿದ್ದೆ. ಒಂದು ದಿನ ಅಂಗಡಿಯ ಯಜಮಾನರು ತಕ್ಕಡಿಯಿಂದ ಕೈ ತೆಗೆದು, "ಯಾವಾಗಲೂ ಅಂದ್ರೆ ಎಷ್ಟು ಅಂತ ನಿಮಗೆ ಗೊತ್ತಾ?" ಎಂದು ಕೇಳಿದರು. ಗೊತ್ತಿರಲಿಲ್ಲ. ಅವರೇ ಹೇಳಿದರು: ನೂರಕ್ಕೆ ನಲವತ್ತು. ಕಾಫಿ ಕಾಫಿ ಎಂದು ಇಷ್ಟು ವರ್ಷ ನಾನು ಹೊತ್ತು ತಂದದ್ದರಲ್ಲಿ ಅರ್ಧದ ಹತ್ತಿರಹತ್ತಿರ ಕಾಫಿಯೇ ಅಲ್ಲದ ಒಂದು ಬೇರಿನ ಪುಡಿ.

ಸಿಟ್ಟು ಬಂತು. ಚಿಕೋರಿಯೇ ಬೇಡವೆಂದು ಅಪ್ಪಟ ಅರೇಬಿಕಾ ಪುಡಿ ಕಾಲು ಕೆಜಿ ಕಟ್ಟಿಸಿದೆ. ಮಾರನೆಯ ಬೆಳಿಗ್ಗೆ ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದೇನಪ್ಪ, ಲೋಟ ತೊಳ್ದ ನೀರಂಗದಲ್ಲ!" ನನಗೂ ಒಳಗೊಳಗೇ ಹಾಗೆಯೇ ಅನ್ನಿಸಿತ್ತು. ಅಷ್ಟು ದುಡ್ಡು ಕೊಟ್ಟು ತಂದದ್ದು ಯಾಕೆ ಹೀಗಾಯಿತು ಎಂದು ಕೇಳಲು ಮುಂದಿನ ವಾರ ಅದೇ ಅಂಗಡಿಗೆ ಹೋದೆ. ಆವತ್ತಿನಿಂದ ನನ್ನ ಪಾಠ ಶುರುವಾಯಿತು. ಪಾಠ ಹೇಳಿದವರು "ಪೇಪರ್‌ನಲ್ಲಿ ನನ್ನ ಹೆಸರು ಹಾಕ್ಬ್ಯಾಡಿ" ಎಂದಿದ್ದಾರೆ, ಹಾಕುವುದಿಲ್ಲ.

ಅವರು ಮೊದಲು ತಿದ್ದಿದ್ದು ನನ್ನ ಹುಡುಕಾಟವನ್ನೇ. ನಾನು ಹುಡುಕುತ್ತಿದ್ದುದು ಒಳ್ಳೆಯ ಕಾಫಿಯನ್ನು. ಅವರ ಪ್ರಕಾರ ನಿತ್ಯದ ಕಾಫಿಯೇ ಬೇರೆ, ಒಳ್ಳೆಯ ಕಾಫಿಯೇ ಬೇರೆ. ಹಬ್ಬದ ಅಡುಗೆ ದಿನಾ ಉಣ್ಣಲಾಗದು, ಅನ್ನ ಸಾರು ದಿನಾ ಉಂಡರೂ ಬೇಸರವಾಗದು. ನಿತ್ಯದ ಕಾಫಿ ಅನ್ನ ಸಾರಿನ ಜಾತಿಯದು. ಮನೆಯ ಹಾಲು, ಮನೆಯ ನೀರು, ಬೆಳಿಗ್ಗೆಯ ಗಡಿಬಿಡಿ, ಒಂದೊಂದು ದಿನ ಕೈತಪ್ಪಿ ಬೀಳುವ ಹೆಚ್ಚು ಸಕ್ಕರೆ, ಎಲ್ಲವನ್ನೂ ಸಹಿಸಿಕೊಂಡು ದಿನಾ ಒಂದೇ ಥರ ನಿಲ್ಲಬೇಕು. ಅದಕ್ಕೆ ಬೇಕಾದದ್ದು ಹದವಾದ ಮಿಶ್ರಣ. ಮಿಶ್ರಣದಲ್ಲಿ ಕೈಯಾಡಿಸಬಹುದಾದ ಸಂಗತಿಗಳು ಮೂರೇ: ಬೀಜ, ಹುರಿ, ಚಿಕೋರಿ.

ಬೀಜದಲ್ಲಿ ನಮಗೆ ಸಿಗುವುದು ಎರಡು ಜಾತಿ. ಅರೇಬಿಕಾ ಘಮಕ್ಕೆ, ನಾಲಿಗೆಯ ಅಂಚಿನಲ್ಲಿ ಉಳಿಯುವ ಸಣ್ಣ ಹುಳಿಗೆ. ರೋಬಸ್ಟಾ ಗಟ್ಟಿತನಕ್ಕೆ, ಕಹಿಗೆ, ನೊರೆಗೆ. ಕೆಫೀನ್ ಅರೇಬಿಕಾದಲ್ಲಿ ಶೇ 1.2ರ ಆಸುಪಾಸು, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅಂಗಡಿಯ ಚೀಲಗಳ ಮೇಲೆ ಇನ್ನೂ ನಾಲ್ಕಾರು ಹೆಸರುಗಳಿರುತ್ತವೆ. ಹಣ್ಣಿನ ಸಿಪ್ಪೆ ಬಿಡಿಸಿ, ಅಂಟು ತೊಳೆದು ಒಣಗಿಸಿದ ಅರೇಬಿಕಾಕ್ಕೆ ವ್ಯಾಪಾರದಲ್ಲಿ 'ಪ್ಲಾಂಟೇಷನ್' ಎನ್ನುತ್ತಾರೆ, ಹಾಗೆಯೇ ತೊಳೆದ ರೋಬಸ್ಟಾಕ್ಕೆ 'ಪಾರ್ಚ್‌ಮೆಂಟ್'. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ ಆಮೇಲೆ ಸಿಪ್ಪೆ ತೆಗೆದರೆ ಅದು 'ಚೆರಿ'. 'ಪ್ಲಾಂಟೇಷನ್ ಎ' ಎಂದರೆ ಬೀಜದ ಗಾತ್ರ, 6.65 ಮಿಲಿಮೀಟರ್ ಕಣ್ಣಿನ ಜರಡಿಯ ಮೇಲೆ ನಿಲ್ಲುವಂಥದು.

ಇನ್ನು ಪೀಬೆರಿ. ನಮ್ಮ ಕಡೆ ಕಾಫಿ ಬಲ್ಲವರೆನಿಸಿಕೊಳ್ಳಬೇಕಾದರೆ "ನಮ್ಮನೇಲಿ ಪೀಬೆರೀನೇ" ಎಂದರಾಯಿತು. ಸಾಮಾನ್ಯವಾಗಿ ಒಂದು ಹಣ್ಣಿನೊಳಗೆ ಒಂದು ಬದಿ ಚಪ್ಪಟೆಯಾದ ಎರಡು ಬೀಜ ಬೆನ್ನುಕೊಟ್ಟು ಕೂತಿರುತ್ತವೆ. ಕೆಲವು ಹಣ್ಣುಗಳಲ್ಲಿ ಒಂದೇ ಬೆಳೆದು ಗುಂಡಗಾಗುತ್ತದೆ, ಅದೇ ಪೀಬೆರಿ. ಅದು ಆಕಾರವೇ ಹೊರತು ಜಾತಿಯಲ್ಲ. ಅರೇಬಿಕಾದಲ್ಲೂ ಉಂಟು, ರೋಬಸ್ಟಾದಲ್ಲೂ ಉಂಟು. ಗುಂಡಗಿರುವುದರಿಂದ ಹುರಿಯುವ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳಿ ಎಲ್ಲ ಕಡೆ ಒಂದೇ ಸಮ ಬಣ್ಣ ತಿರುಗುತ್ತದೆ ಎನ್ನುವುದು ನಿಜ. ಮಿಕ್ಕ ಮಹಿಮೆಯೆಲ್ಲ ಬೆಲೆ ಕಟ್ಟುವವರು ಕಟ್ಟಿದ್ದು ಎಂಬುದು ನನ್ನ ತೀರ್ಮಾನ.

ಬೀಜ ಎಲ್ಲಿಯದು ಎಂದು ಕೇಳಿದಾಗ ಯಜಮಾನರು ತೆಂಕಣ ದಿಕ್ಕಿಗೆ ಕೈ ತೋರಿಸಿದರು. ಮಳೆ ನಿಂತ ಮುಂಜಾನೆಗಳಲ್ಲಿ ಯಳಂದೂರಿನ ಹಿಂದೆ ನೀಲಿಯಾಗಿ ಮಲಗಿರುವ ಬಿಳಿಗಿರಿರಂಗನ ಬೆಟ್ಟ. ಭಾರತದ ಕಾಫಿ ಸೀಮೆಗಳನ್ನು ಕಾಫಿ ಮಂಡಳಿ ಹದಿಮೂರಾಗಿ ಹೆಸರಿಸಿದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಸಾಲಿನಲ್ಲಿ 'ಬಿಳಿಗಿರಿ'ಯೂ ಒಂದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮೋರಿಸ್ ಎಂಬ ಸ್ಕಾಟಿಷ್ ಮನೆತನ ಅತ್ತಿಖಾನೆಯಲ್ಲಿ ಕಾಡು ಕಡಿದು ಕಾಫಿ ಹಾಕಿತು. ಮುಂದೆ ಹೊನ್ನಮೇಟಿಯಲ್ಲೂ ತೋಟ ಎದ್ದಿತು. ಅದೇ ಮನೆತನದ ಆರ್.ಸಿ. ಮೋರಿಸ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಈ ಬೆಟ್ಟದ ಕಾಟಿ, ಆನೆಗಳ ಬಗ್ಗೆ ಬರೆದವರು. ಅವರ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಹೆಂಗಸರೇ ಸೇರಿ ಹಿಮಾಲಯ ಏರಿದ ತಂಡದಲ್ಲಿದ್ದವರು. ಕಾಫಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ನಮ್ಮ ಬೆಟ್ಟದಲ್ಲಿ ಬೆಳೆದ ಹುಡುಗಿ ಎಂದು ಹೇಳಿಕೊಳ್ಳುವುದು ನನಗೆ ಇಷ್ಟ.

ತೋಟದವರ ಕಾಫಿ ಒಂದು ಕಡೆಯಾದರೆ ಸೋಲಿಗರದು ಇನ್ನೊಂದು. ಪೋಡು ಎನ್ನುವ ತಮ್ಮ ಊರುಗಳಲ್ಲಿ ಮನೆಯ ಸುತ್ತಲ ಸ್ವಲ್ಪ ಜಾಗದಲ್ಲಿ, ಕಾಡುಮರದ ನೆರಳಲ್ಲೇ, ಮೆಣಸಿನ ಬಳ್ಳಿ ಜೊತೆಗೆ ಅವರೂ ಕಾಫಿ ಬೆಳೆಯುತ್ತಾರೆ. ಗೊಬ್ಬರದ ಮೂಟೆಯಾಗಲಿ ಔಷಧಿಯ ಡಬ್ಬಿಯಾಗಲಿ ಆ ಗಿಡಗಳ ಬಳಿ ಸುಳಿಯುವುದು ಅಪರೂಪ. ಬಿಳಿಗಿರಿಯ ರಂಗಪ್ಪ ಸೋಲಿಗರ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಅವರಿಗೆ ದೇವರಲ್ಲ, ಭಾವ. ಭಾವನ ಬೆಟ್ಟದಲ್ಲೇ ಅವರ ಹಕ್ಕು ಕಾಗದಕ್ಕೆ ಬರಲು ಬಹಳ ಕಾಲ ಹಿಡಿಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ, ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ. ಈಗ ಸೋಲಿಗರದೇ ಉತ್ಪಾದಕರ ಕಂಪನಿಯೊಂದು 'ಅಡವಿ' ಎಂಬ ಹೆಸರಲ್ಲಿ ಕಾಫಿಪುಡಿ ಮಾರುತ್ತದೆ. ಅತ್ತಿಖಾನೆಯ ಬೀಜ ಬೆಂಗಳೂರಿನ ಹೊಸಕಾಲದ ಕಾಫಿ ಅಂಗಡಿಗಳಲ್ಲಿ ತೋಟದ ಹೆಸರಿನ ಸಮೇತ ಮಾರಾಟವಾಗುತ್ತದೆ. ಬೆಟ್ಟದ ಬುಡದಲ್ಲಿರುವ ನಾವು ಮಾತ್ರ ಎಲ್ಲಿಯದೋ ಗೊತ್ತಿಲ್ಲದ ಬೀಜಕ್ಕೆ ನಲವತ್ತು ಪಾಲು ಬೇರು ಬೆರೆಸಿ ಕುಡಿಯುತ್ತಿದ್ದೆವು.

ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಹುಳಿ ಚುರುಕಾಗಿರುತ್ತದೆ. ಬಿಳಿಗಿರಿಯಲ್ಲೂ ಕಾಣುವ ತಳಿಗಳಲ್ಲೊಂದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟ ಎಸ್. 795. ಹದವಾಗಿ ಹುರಿದರೆ ಅದರ ಪುಡಿಗೆ ಬೆಲ್ಲದ ಪಾಕ ಕಟ್ಟುವಾಗಿನ ವಾಸನೆ ಇರುತ್ತದೆ. ಇದು ನನ್ನ ಮೂಗಿನ ಮಾತು.

ಹುರಿಯುವುದನ್ನು ನೋಡಲು ಒಂದು ಇಡೀ ಬೆಳಿಗ್ಗೆ ಅಂಗಡಿಯ ಹಿಂಭಾಗದಲ್ಲಿ ಕೂತೆ. ಗ್ಯಾಸಿನ ಉರಿಯ ಮೇಲೆ ತಿರುಗುವ ಸಣ್ಣ ಡ್ರಮ್ಮು, ಒಂದು ಬಾರಿಗೆ ಐದು ಕೆಜಿ. ಹಸಿಬೀಜ ಹಸಿರುಬೂದು ಬಣ್ಣದ್ದು, ಮೂಸಿದರೆ ಹುಲ್ಲಿನ ವಾಸನೆ. ಒಳಗೆ ನೂರಕ್ಕೆ ಹತ್ತು ಹನ್ನೊಂದು ಪಾಲು ನೀರು. ಮೊದಲ ಐದಾರು ನಿಮಿಷ ಆ ನೀರು ಹೋಗುವುದೇ ಕೆಲಸ. ಬೀಜ ಹಳದಿಗೆ ತಿರುಗುತ್ತದೆ, ವಾಸನೆ ಹುರಿದ ಜೋಳದ ಕಡೆಗೆ ವಾಲುತ್ತದೆ. ಯಜಮಾನರು ಡ್ರಮ್ಮಿನ ಬಾಯಿಂದ ಉದ್ದ ಸೌಟಿನಲ್ಲಿ ನಾಲ್ಕು ಬೀಜ ಎಳೆದು, ಮೂಸಿ, ಒಳಗೆ ತಳ್ಳುತ್ತಾರೆ. ಕಂದು ಬಂದಮೇಲೆ ಅವರು ನೋಡುವುದನ್ನೇ ಬಿಟ್ಟರು. ಡ್ರಮ್ಮಿಗೆ ಬೆನ್ನು ಹಾಕಿ ನನ್ನ ಜೊತೆ ಬಸ್ಸಿನ ವಿಷಯ ಮಾತಾಡುತ್ತಿದ್ದವರು ಥಟ್ಟನೆ ಮಾತು ನಿಲ್ಲಿಸಿದರು. ಚಟ್ ಎಂದು ಒಂದು ಸದ್ದು. ಆಮೇಲೆ ಎರಡು. ಆಮೇಲೆ ಬಾಣಲೆಯಲ್ಲಿ ಜೋಳ ಅರಳಿದ ಹಾಗೆ ಒಂದರ ಹಿಂದೆ ಒಂದು.

"ಕಿವೀಲಿ ಹುರೀಬೇಕು ಕಣಿ ಮೇಷ್ಟ್ರೇ. ಕಣ್ಣು ಮೋಸ ಮಾಡ್ತದೆ, ಬಲ್ಬು ಹಳೇದಾದ್ರೂ ಬೀಜ ಕರ್ರಗೆ ಕಾಣ್ತದೆ."

ಅದು ಮೊದಲ ಸಿಡಿತ. ಬೀಜದೊಳಗಿನ ಹಬೆ ಗೋಡೆ ಒಡೆದು ಹೊರಬರುವ ಸದ್ದು, ಬೀಜದ ಶಾಖ 196 ಡಿಗ್ರಿಯ ಸುತ್ತಮುತ್ತ ಬಂದಾಗ ಆಗುವಂಥದು. ಇಲ್ಲಿಗೇ ಇಳಿಸಿದರೆ ಹುಳಿ ಮುಂದಿರುತ್ತದೆ, ಹಾಲು ಬೆರೆಸಿದರೆ ಬೆದರುತ್ತದೆ. ಇನ್ನೂ ಕೆಲವು ನಿಮಿಷ ಬಿಟ್ಟರೆ ಸದ್ದು ನಿಂತು, ಸ್ವಲ್ಪ ಹೊತ್ತು ಮೌನವಾಗಿ, ಎರಡನೆಯ ಸಿಡಿತ ಶುರುವಾಗುತ್ತದೆ. ಇದು ಸಣ್ಣ ಸದ್ದು, ಬಾಣಲೆಯಲ್ಲಿ ಎಳ್ಳು ಸಿಡಿದ ಹಾಗೆ. ಅಲ್ಲಿಂದಾಚೆ ಬೀಜದ ಮೈಮೇಲೆ ಎಣ್ಣೆ ಹೊಳೆಯುತ್ತದೆ, ಹುಳಿ ಸತ್ತು ಕಹಿ ಏಳುತ್ತದೆ, ಯಾವ ಬೆಟ್ಟದ ಬೀಜವಾದರೂ ರುಚಿ ಒಂದೇ ಆಗುತ್ತದೆ. ಕೆಟ್ಟ ಬೀಜವನ್ನು ಮುಚ್ಚಿಹಾಕಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಫಿಲ್ಟರ್ ಕಾಫಿಗೆ ಬೇಕಾದದ್ದು ಎರಡು ಸಿಡಿತಗಳ ನಡುವಿನ ಆ ಮೌನದ ಕೊನೆ. ಎಳ್ಳಿನ ಸದ್ದು ಬರಲೋ ಬೇಡವೋ ಎನ್ನುವಾಗ ಅವರು ಡ್ರಮ್ಮಿನ ಬಾಯಿ ತೆರೆದರು. ಬೀಜ ತಟ್ಟೆಗೆ ಸುರಿಯಿತು, ಕೆಳಗಿನ ಫ್ಯಾನು ಹೊಗೆ ಎಳೆದುಕೊಂಡಿತು. ಬೇಗ ತಣಿಸದಿದ್ದರೆ ಬೀಜ ತನ್ನ ಬಿಸಿಯಲ್ಲೇ ಹುರಿದುಕೊಳ್ಳುತ್ತಾ ಹೋಗುತ್ತದಂತೆ. ಐದು ಕೆಜಿ ಹಾಕಿದ್ದು ತೂಗಿದಾಗ ನಾಲ್ಕು ಕೆಜಿಗೆ ಸ್ವಲ್ಪ ಮೇಲಿತ್ತು. ಪುಡಿಯ ಬೆಲೆ ಯಾಕೆ ಹಾಗಿರುತ್ತದೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಅರೇಬಿಕಾವನ್ನೂ ರೋಬಸ್ಟಾವನ್ನೂ ಅವರು ಒಟ್ಟಿಗೆ ಹುರಿಯುವುದಿಲ್ಲ. ಗಾತ್ರ ಬೇರೆ, ಗಟ್ಟಿತನ ಬೇರೆ, ಒಂದಕ್ಕೆ ಹದ ಬರುವಾಗ ಇನ್ನೊಂದು ಹಸಿ. ಬೇರೆಬೇರೆ ಹುರಿದು, ಆಮೇಲೆ ತೂಕ ಮಾಡಿ ಬೆರೆಸಿ ಪುಡಿ ಮಾಡುತ್ತಾರೆ. ಹುರಿದ ದಿನವೇ ಪುಡಿ ಕೇಳಿದರೆ "ನಾಳೆ ಬನ್ನಿ" ಎನ್ನುತ್ತಾರೆ. ಹೊಸದಾಗಿ ಹುರಿದ ಬೀಜ ಇಂಗಾಲದ ಡೈ ಆಕ್ಸೈಡ್ ಬಿಡುತ್ತಿರುತ್ತದೆ, ಫಿಲ್ಟರ್‌ನಲ್ಲಿ ಪುಡಿ ಉಬ್ಬಿ ನೀರನ್ನು ಒಳಗೆ ಬಿಡುವುದಿಲ್ಲ.

ಇನ್ನು ಚಿಕೋರಿ. ಅದರ ಮೇಲಿನ ನನ್ನ ಕೋಪ ಅರ್ಧ ಇಳಿದದ್ದು ಅದರ ಕೆಲಸ ಅರ್ಥವಾದಾಗ. ಇದು ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಒಂದು ಗಿಡದ ಬೇರು, ಮೂಲಂಗಿಯ ಹಾಗಿರುತ್ತದೆ. ಹೆಚ್ಚಿ, ಒಣಗಿಸಿ, ಹುರಿದರೆ ಕಂದು, ಸಿಹಿಗಹಿ. ಕೆಫೀನ್ ಇಲ್ಲ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿ ಸಿಗದ ಫ್ರೆಂಚರು ಇದನ್ನು ಕುಡಿದು ಅಭ್ಯಾಸ ಮಾಡಿಕೊಂಡರು. ಕಾಫಿಪುಡಿಯಲ್ಲಿ ನೀರಿಗೆ ಇಳಿಯುವ ಅಂಶ ಹೆಚ್ಚೆಂದರೆ ಶೇ 30, ಚಿಕೋರಿಯಲ್ಲಿ ಅದರ ಎರಡರಷ್ಟಕ್ಕೂ ಮೇಲೆ. ಹಾಗಾಗಿ ಡಿಕಾಕ್ಷನ್ ದಪ್ಪಗಾಗುತ್ತದೆ, ಕಪ್ಪಾಗುತ್ತದೆ, ಹಾಲು ಎಷ್ಟು ಹುಯ್ದರೂ ಬಣ್ಣ ನಿಲ್ಲುತ್ತದೆ. ಅಮ್ಮನಿಗೆ ಅಪ್ಪಟ ಪುಡಿ ಲೋಟ ತೊಳೆದ ನೀರಾಗಿ ಕಂಡದ್ದು ಇದಕ್ಕೇ. ಚಮಚದ ಲೆಕ್ಕ ಬದಲಿಸದೆ ನಾನು ಪುಡಿ ಬದಲಿಸಿದ್ದೆ.

ಹತ್ತು ಹದಿನೈದು ಪಾಲು ಚಿಕೋರಿ ಕಾಫಿಗೆ ಸಹಾಯ ಮಾಡುತ್ತದೆ, ಇಪ್ಪತ್ತೈದು ದಾಟಿದರೆ ಕಾಫಿಯ ಜಾಗದಲ್ಲಿ ತಾನೇ ಕೂರುತ್ತದೆ. ಆಹಾರ ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕೆ ಕಡಿಮೆಯಿರಕೂಡದು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಅಚ್ಚಾಗಿರಬೇಕು. ಅಚ್ಚಾಗಿರುತ್ತದೆ, ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ. ಕೈಯಲ್ಲಿರುವ ಪುಡಿಯ ಮೇಲೆ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ಹಿಡಿದು ಮೇಲೆ ಒಂದು ಚಿಟಿಕೆ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ದಾರ ಎಳೆಯುತ್ತಾ ತಳಕ್ಕೆ ಇಳಿಯುತ್ತದೆ.

ಇಷ್ಟು ತಿಳಿದಮೇಲೆ ಒಂದು ನೋಟ್‌ಬುಕ್ ಮಾಡಿದೆ. ಯಜಮಾನರು ಹಾಕಿಕೊಟ್ಟ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಮೂರು ದಿನ ಕುಡಿಯಬೇಕು. ಮೊದಲ ದಿನದ ನಾಲಿಗೆ ಹಳೆಯದನ್ನೇ ಹುಡುಕುತ್ತಿರುತ್ತದೆ, ಅದರ ಮಾತು ಕೇಳಬಾರದು. ಪುಡಿ 20 ಗ್ರಾಂ, ನೀರು 120 ಮಿಲಿ, ಅಳತೆ ಮಾತ್ರ ಅಲುಗಬಾರದು. ಡಿಕಾಕ್ಷನ್ನನ್ನು ಹಾಲಿಗೆ ಬೆರೆಸುವ ಮುಂಚೆ ಒಂದು ಚಮಚ ಬಿಸಿನೀರಿನಲ್ಲಿ ತೆಳು ಮಾಡಿ ಹಾಗೇ ಕುಡಿದು ನೋಡಬೇಕು. ದೋಷ ಕಾಣುವುದು ಅಲ್ಲಿ, ಹಾಲು ಸಕ್ಕರೆ ಬಿದ್ದಮೇಲೆ ಎಲ್ಲವೂ ಸಜ್ಜನರೇ.

ಅರೇಬಿಕಾ 70, ರೋಬಸ್ಟಾ 30, ಚಿಕೋರಿ ಇಲ್ಲ: ಘಮ ಚೆನ್ನ, ಗುಟುಕಿನ ಕೊನೆ ಖಾಲಿ. ಅದಕ್ಕೇ ಹತ್ತು ಪಾಲು ಚಿಕೋರಿ: ಖಾಲಿ ತುಂಬಿತು. ಇಪ್ಪತ್ತು: ಸಿಹಿಗಹಿ ಗಂಟಲಲ್ಲಿ ಉಳಿಯಿತು, ಘಮ ಹಿಂದೆ ಸರಿಯಿತು. ಹದಿನೈದಕ್ಕೆ ನಿಲ್ಲಿಸಿದೆ. ಹೀಗೆ ಎರಡು ತಿಂಗಳು ನಡೆಯಿತು.

ಎಲ್ಲ ಸರಿಹೋಯಿತು ಎನ್ನುವಾಗ ಮಾದಪ್ಪನ ಬೆಟ್ಟದ ಪ್ರಸಂಗ ನಡೆಯಿತು. ಶಿವರಾತ್ರಿಗೆ ಮುಂಚೆ ಗೆಳೆಯರೊಬ್ಬರ ಮನೆಯಲ್ಲಿ ಎರಡು ದಿನ ಉಳಿಯಲು ಹೋದವನು, ಹಟಕ್ಕೆ ಬಿದ್ದವನಂತೆ ನನ್ನ ಹಿತ್ತಾಳೆ ಫಿಲ್ಟರನ್ನೂ ಪುಡಿಯನ್ನೂ ಚೀಲದಲ್ಲಿ ಕಟ್ಟಿಕೊಂಡಿದ್ದೆ. ತಾಳಬೆಟ್ಟದಿಂದ ಮೇಲೆ ನಡೆದು ಬರುವವರ "ಉಘೇ ಉಘೇ" ಕೇಳಿಸುತ್ತಿರುವಾಗ ಅದೇ ಪುಡಿ, ಅದೇ ಅಳತೆಯಲ್ಲಿ ಕಾಫಿ ಇಳಿಸಿದೆ. ಬೇರೆಯೇ ಕಾಫಿ! ಹನೂರಿನ ನಮ್ಮ ಮನೆಯಲ್ಲಿ ಎಂದೂ ಕಾಣದ ಒಂದು ಹುಳಿ, ಮಾಗಿದ ಹಣ್ಣಿನಂಥದು, ಲೋಟದಲ್ಲಿ ಎದ್ದು ಕೂತಿತ್ತು. ಎತ್ತರದ ಮಹಿಮೆ ಎಂದುಕೊಂಡೆ. ಸಾವಿರ ಅಡಿ ಮೇಲೇರಿದರೆ ನೀರು ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಮೂರು ಸಾವಿರ ಅಡಿಯ ಬೆಟ್ಟದಲ್ಲಿ 97ರ ಹತ್ತಿರ. ಆದರೆ ಕಾರಣ ಅದಲ್ಲ. ಗೆಳೆಯರು ಅಡುಗೆಗೆ ಹಿಡಿದಿಟ್ಟಿದ್ದು ಮಳೆನೀರು.

ನಮ್ಮ ಮನೆಯದು ಬೋರ್‌ವೆಲ್ ನೀರು. ಬೇಳೆ ಬೇಗ ಬೇಯದ, ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ಗಡಸು ನೀರು. ಅದರಲ್ಲಿ ಕರಗಿರುವ ಸುಣ್ಣದಂಶ ಕಾಫಿಯ ಹುಳಿಯನ್ನು ಲೋಟಕ್ಕೆ ಬರುವ ಮೊದಲೇ ಮುರಿದುಹಾಕುತ್ತದೆ. ಅರೇಬಿಕಾಕ್ಕೆ ನಾನು ಕೊಡುತ್ತಿದ್ದ ಹೆಚ್ಚಿನ ದುಡ್ಡು ನೀರಲ್ಲೇ ಹೋಗುತ್ತಿತ್ತು. ನಮ್ಮ ಹಿರಿಯರು ಗಡಸು ನೀರಿನ ಸೀಮೆಯಲ್ಲಿ ರೋಬಸ್ಟಾ, ಚಿಕೋರಿಗಳ ಕಡೆ ವಾಲಿದ್ದು ಬಡತನಕ್ಕಷ್ಟೇ ಅಲ್ಲ, ಆ ನೀರಿನಲ್ಲಿ ನಿಲ್ಲುವ ರುಚಿ ಅದೇ ಆದದ್ದರಿಂದಲೂ ಇರಬೇಕು. ಇದು ನನ್ನ ಊಹೆ. ಹಾಗೆಯೇ ಇನ್ನೊಂದು ಊಹೆ: ಕೊಳ್ಳೇಗಾಲ ಸೀಮೆ 1956ರ ನವೆಂಬರ್‌ವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಪೂರ್ಣಯ್ಯನವರ ಜಹಗೀರಿಯಾಗಿ ಮೈಸೂರಿನ ಕಡೆಗಿತ್ತು. ಗಟ್ಟಿ ಡಿಕಾಕ್ಷನ್ನಿನ ಚಟ ನಮಗೆ ಕೊಯಮತ್ತೂರಿನ ದಾರಿಯಲ್ಲಿ ಬಂದಿರಬಹುದು.

ಊರಿಗೆ ಬಂದು ಮತ್ತೆ ನೋಟ್‌ಬುಕ್ ತೆರೆದೆ. ಆರ್‌ಒ ನೀರಿನಲ್ಲಿ ಇಳಿಸಿದರೆ ಕಾಫಿ ಸಪ್ಪೆ, ಏನನ್ನೋ ಕಳೆದುಕೊಂಡಂತೆ. ಅರ್ಧ ಆರ್‌ಒ, ಅರ್ಧ ಬೋರ್‌ವೆಲ್ ಬೆರೆಸಿದಾಗ ಹುಳಿ ಮರಳಿ ಬಂತು, ಬೆಟ್ಟದಲ್ಲಿದ್ದಷ್ಟಲ್ಲ. ಆ ನೀರಿಗೆ ಹೊಂದುವಂತೆ ರೋಬಸ್ಟಾವನ್ನು ಸ್ವಲ್ಪ ಏರಿಸಿದೆ, ಅದರಲ್ಲೂ ತೊಳೆದ ರೋಬಸ್ಟಾದ ಪೀಬೆರಿ. ಪೀಬೆರಿಯನ್ನು ಆಡಿಕೊಂಡವನು ಕೊನೆಗೆ ಅದನ್ನೇ ಮನೆಗೆ ತಂದೆ.

ಇಳಿಸುವ ಕೆಲಸ ಸುಲಭ. ಪುಡಿ ಸಣ್ಣ ರವೆಗಿಂತ ನುಣುಪಾಗಿರಬೇಕು, ಹಿಟ್ಟಾಗಬಾರದು. ಮೇಲಿನ ಬಟ್ಟಲಿಗೆ ಪುಡಿ ಹಾಕಿ ತಟ್ಟಿ ಸಮ ಮಾಡಿ, ತೂತಿನ ಬಿಲ್ಲೆಯನ್ನು ಒತ್ತದೆ ಸುಮ್ಮನೆ ಮೇಲಿಡಿ. ಕುದಿ ಇಳಿದ ನೀರನ್ನು ಮೊದಲು ಎರಡು ಚಮಚದಷ್ಟು ಚಿಮುಕಿಸಿ ಅರ್ಧ ನಿಮಿಷ ಬಿಡಿ, ಪುಡಿ ಉಸಿರು ಬಿಟ್ಟು ಕೂರುತ್ತದೆ. ಆಮೇಲೆ ಮಿಕ್ಕದ್ದನ್ನು ಸುತ್ತ ಹುಯ್ಯಿರಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದರೆ ಪುಡಿಯ ನುಣುಪು ಸರಿ. ಐದು ನಿಮಿಷಕ್ಕೇ ಇಳಿದರೆ ತರಿ, ಗಂಟೆಯಾದರೂ ತೊಟ್ಟಿಕ್ಕುತ್ತಿದ್ದರೆ ಹಿಟ್ಟು. ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿ, ಹಾಲನ್ನು ಬಿಸಿ ಮಾಡಿ. ಶೇ 3 ಕೊಬ್ಬಿನ ನೀಲಿ ಪ್ಯಾಕೆಟ್ಟಿಗೆ ನೀರು ಸೇರಿಸಬೇಡಿ.

ಪುಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಮೊದಮೊದಲು ಯಾವ ಮಿಶ್ರಣವಾದರೂ ನೂರು ಗ್ರಾಂ ಸಾಕು. ನೂರು ಗ್ರಾಂ ಕೇಳಿದರೆ ಮುಖ ಸಿಂಡರಿಸುವ ಅಂಗಡಿಯಿದ್ದರೆ ಬೇರೆ ಅಂಗಡಿ ಹುಡುಕಿ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ದರ್ಶನ ಮುಗಿಸಿ ಓಡಿಬರಬೇಡಿ, ಸೋಲಿಗರ ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳಿ ಒಂದು ಪೊಟ್ಟಣ ತನ್ನಿ.

ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿರುವ ಚೀಟಿಯಲ್ಲಿ ಈಗ ಇರುವುದು ಇಷ್ಟು: ಬಿಳಿಗಿರಿಯ ಅರೇಬಿಕಾ 50, ರೋಬಸ್ಟಾ ಪೀಬೆರಿ 35, ಚಿಕೋರಿ 15. ಒಂದೂವರೆ ವರ್ಷದಿಂದ ಬದಲಾಗಿಲ್ಲ. ಅಮ್ಮನ ಡಬ್ಬಿ ಮಾತ್ರ ಬೇರೆ. ಅದರಲ್ಲಿ ಇವತ್ತಿಗೂ ನೂರಕ್ಕೆ ನಲವತ್ತು.